ಹತ್ತಿದ್ದೆಲ್ಲ ಇಳಿಯಲಿಕ್ಕೆ

ಒಂದು ಬೆಟ್ಟ ಹತ್ತಿ ಇಳಿದು ಮನೆಗೆ ಬರುವವರದು ಒಂದು ಜಾತಿ. ಒಂದೇ ಹಗಲಲ್ಲಿ ಮೂರು ನಾಲ್ಕು ನೆತ್ತಿ ಮುಟ್ಟಿಯೇ ತೀರುತ್ತೇವೆಂದು ಹೊರಡುವವರದು ಇನ್ನೊಂದು. ಮೊದಲನೆಯವರಿಗೆ ಹತ್ತುವುದು ಕಷ್ಟ, ಎರಡನೆಯವರಿಗೆ ಇಳಿಯುವುದು ಸಂಕಟ. ಬೆವರು ಸುರಿಸಿ ಗಳಿಸಿದ ಎತ್ತರವನ್ನು ಕಣ್ಣಾರೆ ನೋಡುತ್ತಲೇ ಕಣಿವೆಗೆ ಚೆಲ್ಲಬೇಕು, ಎದುರಿನ ಗುಡ್ಡದಲ್ಲಿ ಅದನ್ನೇ ಮತ್ತೆ ಮೊದಲಿನಿಂದ ಗಳಿಸಬೇಕು.

ಈ ಸಂಕಟಕ್ಕೆ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲು ಹೇಳಿ ಮಾಡಿಸಿದ ಜಾಗ. ಬೆಳಗಿನ ಬಸ್ಸಿನಲ್ಲಿ ಕೈಮರ ದಾಟಿ ಸರ್ಪದಾರಿಯಲ್ಲಿ ಇಳಿದರೆ ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಹೊರಳುವ ಕಾಲುದಾರಿ ಮುಳ್ಳಯ್ಯನಗಿರಿಗೆ ಏರುತ್ತದೆ. 1930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರ ಇಲ್ಲ. ಏದುಸಿರು ಬಿಡುತ್ತ ಮೇಲೆ ಬಂದರೆ, ಆಚೆ ಬದಿಯಿಂದ ಜೀಪಿನಲ್ಲಿ ಬಂದು ಮೆಟ್ಟಿಲು ಹತ್ತಿದವರು ಆಗಲೇ ಮುಳ್ಳಪ್ಪಸ್ವಾಮಿಗೆ ಕೈಮುಗಿದು ಸೆಲ್ಫಿ ತೆಗೆಯುತ್ತಿರುತ್ತಾರೆ. ಅವರಲ್ಲೊಬ್ಬರು ನಮ್ಮ ಗುಂಪನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಜವಾದ ಕನಿಕರದಿಂದ, "ಯಾಕೆ ಸಾರ್, ಗಾಡಿ ಕೆಟ್ಟೋಯ್ತಾ?" ಅಂದರು.

ಬೇಸಿಗೆಯಲ್ಲೇ ಯಾಕೆ ಹೋಗಬೇಕು? ಮಳೆಗಾಲದಲ್ಲಿ ಉಂಬಳ ಕಾಲಿಗೆ ಹತ್ತುತ್ತದೆ, ಮಂಜಿನಲ್ಲಿ ಮುಂದಿನವನ ಬೆನ್ನೂ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಾದರೆ ಹಗಲು ಉದ್ದ. ಉದ್ದ ಎಂದರೆ ನಮ್ಮ ಲೆಕ್ಕದಲ್ಲಿ. ಚಿಕ್ಕಮಗಳೂರಿನ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಸ್ಕಾಟ್ಲೆಂಡಿನ ಜೂನ್ ಹಗಲು ಹದಿನೇಳು ಗಂಟೆಗೂ ಹೆಚ್ಚು. ಅಲ್ಲಿನ ಹ್ಯೂ ಮನ್ರೋ ಎಂಬಾತ 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. ಅಂದಿನಿಂದ ಅವುಗಳಿಗೆ ಮನ್ರೋ ಎಂದೇ ಹೆಸರು, ಈಗಿನ ಎಣಿಕೆಯಲ್ಲಿ 282. ಒಂದು ಹಗಲಿಗೆ ನಾಲ್ಕೈದು ಹತ್ತಿ ಗೀಟು ಹಾಕಿಕೊಳ್ಳುವವರು ಅಲ್ಲಿ ಬೇಕಾದಷ್ಟಿದ್ದಾರೆ. ಪಟ್ಟಿ ಮಾಡಿದ ಪುಣ್ಯಾತ್ಮನೇ ಅಷ್ಟನ್ನೂ ಹತ್ತಿ ಮುಗಿಸದೆ 1919ರಲ್ಲಿ ತೀರಿಕೊಂಡ.

ಅದೇ ನಾಡಿನ ನೇಸ್ಮಿತ್ 1892ರಲ್ಲಿ ಇನ್ನೊಂದು ಲೆಕ್ಕ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಈಗಲೂ ಚಾರಣಿಗರು ಅದನ್ನೇ ಹಿಡಿದು ಹೊರಡುತ್ತಾರೆ. ಆದರೆ ಅದರಲ್ಲಿ ಚಿತ್ರಾನ್ನಕ್ಕೆ ಸಮಯವಿಲ್ಲ, ಊಟದ ಮೇಲಿನ ಹತ್ತು ನಿಮಿಷದ ತೂಕಡಿಕೆಗೂ ಇಲ್ಲ. ಹೀಗಾಗಿ ನಮ್ಮ ಕಡೆಗೆ ಆ ಸೂತ್ರ ಒಗ್ಗುವುದಿಲ್ಲ.

ಮುಳ್ಳಯ್ಯನಗಿರಿ ಇಳಿದು ಸೀತಾಳಯ್ಯನಗಿರಿ ದಾಟಿ ಬಾಬಾಬುಡನ್‌ಗಿರಿಯ ಕಡೆ ಹೊರಟರೆ, ಹತ್ತು ಗಂಟೆಯ ಮೇಲೆ ನೆರಳೆಂಬುದೇ ಇಲ್ಲ. ಬರೀ ಹುಲ್ಲು. ಗಾಳಿ ಬೀಸುತ್ತಿರುವುದರಿಂದ ಬಿಸಿಲು ಗೊತ್ತಾಗುವುದಿಲ್ಲ. ಸಂಜೆ ಸ್ನಾನಕ್ಕೆ ಹೋದಾಗ ಕಿವಿಯ ತುದಿ, ಕುತ್ತಿಗೆಯ ಹಿಂಭಾಗ ಲೆಕ್ಕ ಒಪ್ಪಿಸುತ್ತವೆ. ಒಣಹುಲ್ಲಿನ ಮೊನಚು ಬೀಜ ಸಾಕ್ಸಿನ ನೂಲಿಗೆ ಹೊಕ್ಕು, ಹಿಂದಕ್ಕೆ ಎಳೆದಷ್ಟೂ ಮುಂದಕ್ಕೆ ಚುಚ್ಚುತ್ತದೆ. ಊಟಕ್ಕೆ ಕೂತವರೆಲ್ಲ ಮೊದಲು ಮಾಡುವುದು ಅದನ್ನು ಕೀಳುವ ಕೆಲಸ.

ಕೂರುವುದು ಸಾಮಾನ್ಯವಾಗಿ ಶೋಲಾ ಕಾಡಿನ ಅಂಚಿನಲ್ಲಿ. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಗಿಡ್ಡ ಮರಗಳು, ಕೊಂಬೆಯ ತುಂಬ ಪಾಚಿ, ಕಾಲಡಿ ಏಪ್ರಿಲ್‌ನಲ್ಲೂ ಆರದ ಮಣ್ಣು. ಮಳೆಗಾಲದ ನೀರನ್ನು ಹುಲ್ಲೂ ಶೋಲಾವೂ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಈ ಬೆಟ್ಟಗಳಲ್ಲಿ ಹುಟ್ಟುವ ವೇದಾ, ಅವತಿ ಎರಡೂ ಸೇರಿ ವೇದಾವತಿಯಾಗಿ, ಬಯಲುಸೀಮೆಗೆ ಇಳಿದು, ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರ ತುಂಬುತ್ತವೆ. ಮಳೆ ಕಡಿಮೆಯಾದ ವರ್ಷ ಚಿತ್ರದುರ್ಗದ ರೈತ ಮೋಡ ನೋಡುವುದು ತನ್ನೂರಿನದನ್ನಷ್ಟೇ ಅಲ್ಲ, ಇಲ್ಲಿಯದನ್ನೂ.

ಬಾಬಾಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಆ ಬೆಟ್ಟ ತಲುಪಿ, ಅಂಗಡಿಯ ಬೆಂಚಿನ ಮೇಲೆ ಕುಸಿದು, ನಮ್ಮ ಗುಂಪಿನ ಹಿರಿಯಣ್ಣ ಕೇಳಿದ್ದು ಟೀ. ಅಂಗಡಿಯವರು ಏನೂ ಅನ್ನಲಿಲ್ಲ, ಕೊಟ್ಟರು. ಇನ್ನೂ ಕಾಲಲ್ಲಿ ಕಸುವಿದ್ದವರು ಮಾಣಿಕ್ಯಧಾರೆಗೆ ಹೋದರು. ಅಲ್ಲಿ ಮಿಂದವರು ಉಟ್ಟ ಬಟ್ಟೆಯೊಂದನ್ನು ಬಿಟ್ಟು ಬರುವ ರೂಢಿ ಇದೆ. ಒದ್ದೆ ಬಟ್ಟೆಯ ರಾಶಿ ನೋಡಿದರೆ ಪಾಪ ಕಳೆಯಿತೋ ಕಸ ಬೆಳೆಯಿತೋ ಎಂದು ಅನುಮಾನ ಬರುತ್ತದೆ.

ನನ್ನ ಮಾತು ಇಷ್ಟೇ: ಸಾಲುಬೆಟ್ಟಕ್ಕೆ ಹೊರಡುವವರು ಶಿಖರ ಎಣಿಸಬೇಡಿ, ನಡುವಿನ ಕಣಿವೆಗಳನ್ನು ಎಣಿಸಿ, ಕಾಲು ಸೋಲುವುದು, ನೀರು ಮುಗಿಯುವುದು ಅಲ್ಲಿ. ತಲೆಗೆ ಮೂರು ಲೀಟರ್ ನೀರಿಗೆ ಕಮ್ಮಿ ಬೇಡ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ಮೊದಲೇ ವಿಚಾರಿಸಿ. ಬಿಟ್ಟರೆ ಹೋಗಿ, ಆದರೆ ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.