ರೊಟ್ಟಿಯಷ್ಟಗಲ ಗುರಿ

ತುಬಚಿ
ಶ್ರಾವಣ ಸೋಮವಾರ

ಚಿರಂಜೀವಿ ಅಳಿಯನಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

ಮಳೆ ಹದವಾಗಿ ಆಗಿದೆ, ಕಬ್ಬು ಎದೆಮಟ್ಟ ಬಂದಿದೆ. ಡೆನ್ವರಿನ ಗೆಳೆಯರ ಜೊತೆ ಅಕ್ಟೋಬರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತೇನೆ, ಯಾವ ಕಾಡತೂಸಿನ ರೈಫಲ್ ಕೊಳ್ಳಲಿ, ಎಷ್ಟು ದೂರದಿಂದ ಹೊಡೆಯಲಿ ಎಂದು ಕೇಳಿದ್ದೀ. ನೀನು ಇಲ್ಲೇ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಬೀಳಗಿ, ಮುಧೋಳ ಕಡೆಯ ಯಡಹಳ್ಳಿ ಗುಡ್ಡ 2016ರಿಂದ ಚಿಂಕಾರಗಳಿಗೆ ಬಿಟ್ಟ ಧಾಮ. ನಿನ್ನ ಕೊಲರಾಡೊದಲ್ಲಿ ಸರಕಾರವೇ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ, ಹೊಡೆದದ್ದರ ಮಾಂಸ ಹಾಳುಮಾಡುವಂತಿಲ್ಲ. ಹೋಗುವುದೇ ಖರೆಯಾದರೆ ನನ್ನ ಮಾತು ಕೇಳಿ ಹೋಗು.

ಯಾಕೆ ಹೇಳುತ್ತೇನೆಂದರೆ, ನನಗೆ ಆಗ ಹತ್ತು ವರ್ಷ, ಕಾಯ್ದೆ ಇನ್ನೂ ಬಂದಿರಲಿಲ್ಲ. ಜೀಪಿನಲ್ಲಿ ಬಂದ ಯಾರೋ ಎರಿಹೊಲದ ಆ ತುದಿಯಿಂದ ಚಿಗರಿಗೆ ಗುಂಡು ಹಾರಿಸಿದರು. ನಾನೂರು ಗಜಕ್ಕೆ ಕಡಿಮೆ ಇರಲಿಲ್ಲ. ಚಿಗರಿ ಓಡಿತು, ತಪ್ಪಿತು ಅಂದುಕೊಂಡು ಅವರೂ ಹೋದರು. ಮೂರನೇ ದಿನ ನಮ್ಮ ಜೋಳದ ಸಾಲಿನಲ್ಲಿ ಸಿಕ್ಕಿತು. ಹಿಂದಿನ ಕಾಲು ಪುಡಿಯಾಗಿತ್ತು, ಇರುವೆ ಮುತ್ತಿದ್ದವು, ಜೀವ ಇನ್ನೂ ಇತ್ತು. ನಿಮ್ಮಜ್ಜ ಅದರ ಕಣ್ಣಿಗೆ ಟವೆಲ್ ಮುಚ್ಚಿ ಕುಡಗೋಲು ತರಲು ಹೇಳಿದ. ತಂದುಕೊಟ್ಟವನು ನಾನು.

ನಿನ್ನ ಗೆಳೆಯ .300 ವಿಂಚೆಸ್ಟರ್ ಮ್ಯಾಗ್ನಮ್ ತೊಗೋ, ಆರುನೂರು ಗಜಕ್ಕೂ ಹೊಡೆಯಬಹುದು ಅಂದನಂತೆ. ಕಾಡತೂಸು ಅಷ್ಟು ದೂರ ಹೋಗುತ್ತದೆ, ಸುಳ್ಳಲ್ಲ. ಆದರೆ ಆ ಗುಂಡು ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ ಮುಕ್ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಇಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಆ .300ರ ಒದೆತವೂ .308 ಕಾಡತೂಸಿಗಿಂತ ಒಂದೂವರೆ ಪಟ್ಟು. ಹೊಸಬನ ಹೆಗಲು ಎರಡು ಸಲ ಪೆಟ್ಟು ತಿಂದರೆ ಮೂರನೇ ಸಲ ಬಂದೂಕಿನ ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ. ನಾನು ಫೌಜಿನಲ್ಲಿದ್ದಾಗ ರಂಗರೂಟರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ನನ್ನ ಮಾತು: .308 ಇಲ್ಲವೆ .30-06, ಎರಡರಲ್ಲಿ ನಿನ್ನ ಹೆಗಲಿಗೆ ಹಿತವಾದದ್ದು. ಮೊದಲನೆಯದು ನಾನು ಫೌಜಿನಲ್ಲಿ ಹೊತ್ತ ರೈಫಲ್ ಎಸ್‌ಎಲ್‌ಆರ್‌ನ 7.62 ಕಾಡತೂಸಿನ ಒಡಹುಟ್ಟು. ಎರಡನೆಯದು 1906ರಷ್ಟು ಹಳೆಯದು, ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಗುಂಡು 165 ಇಲ್ಲವೆ 180 ಗ್ರೇನ್ ತೂಕದ್ದು ಇರಲಿ. ಕೊಲರಾಡೊದಲ್ಲಿ ಎಲ್ಕ್‌ಗೆ 85 ಗ್ರೇನ್ ಸಾಕೆಂದು ಕಾಯ್ದೆ ಹೇಳಿದರೂ ಅದು ಕನಿಷ್ಠದ ಮಾತು. ನಾವು ಫೌಜಿನಲ್ಲಿ ಬಳಸುತ್ತಿದ್ದ ಪೂರ್ತಿ ಲೋಹ ಹೊದಿಸಿದ ಗುಂಡು ಮಾತ್ರ ಬೇಡ. ಅದು ಸೂಜಿಯಂತೆ ತೂರಿಹೋಗುತ್ತದೆ, ಪ್ರಾಣಿ ನರಳುತ್ತ ಮೈಲಿಗಟ್ಟಲೆ ನಡೆಯುತ್ತದೆ. ಒಳಗೆ ಹೋಗಿ ಅರಳುವ, ಮೆತ್ತನೆ ಮೂತಿಯ ಗುಂಡೇ ಬೇಕು. ಅಲ್ಲಿನ ಕಾಯ್ದೆಯೂ ಅದನ್ನೇ ಹೇಳುತ್ತದೆ.

ಇನ್ನು ದೂರ. .30-06ರ 180 ಗ್ರೇನ್ ಗುಂಡಿಗೆ ಗುರಿಯನ್ನು 200 ಗಜಕ್ಕೆ ಸರಿಮಾಡಿಕೊಂಡರೆ ಗುಂಡು 300ರಲ್ಲಿ ಒಂದು ಗೇಣು ಕೆಳಗೆ ಬೀಳುತ್ತದೆ, 400ರಲ್ಲಿ ಒಂದು ಮೊಳಕ್ಕೂ ಹೆಚ್ಚು. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ಬೀಸಿದರೆ 200ರಲ್ಲಿ ಮೂರು ಬೆರಳು ಸರಿಯುವ ಗುಂಡು 400ರಲ್ಲಿ ಗೇಣು ದಾಟಿ ಸರಿಯುತ್ತದೆ. ಬೆಟ್ಟದ ಗಾಳಿ ಕಣಿವೆಯ ಈ ಕಡೆ ಒಂದು ಥರ, ಆ ಕಡೆ ಇನ್ನೊಂದು ಥರ.

ಅದಕ್ಕೇ ಹೀಗೆ ಮಾಡು. ನಿಮ್ಮವ್ವ ಬಡಿಯುವ ಜೋಳದ ರೊಟ್ಟಿಯಷ್ಟಗಲ ಕಾಗದ ಕತ್ತರಿಸು. ಮೇಜಿನ ಮೇಲೆ ಬಂದೂಕು ಊರಿ ಹೊಡೆಯಬೇಡ. ಕುಳಿತು ಹೊಡೆ, ಮೊಣಕಾಲೂರಿ ಹೊಡೆ, ಏದುಸಿರು ಬರುವಂತೆ ಓಡಿಬಂದು ಹೊಡೆ. ಐದಕ್ಕೆ ಐದೂ ಆ ರೊಟ್ಟಿಯೊಳಗೆ ಬೀಳುವ ದೂರ ಯಾವುದೋ ಅದೇ ನಿನ್ನ ದೂರ. ಅದು 150 ಗಜ ಬಂದರೆ 150. ಎಲ್ಕ್‌ನ ಎದೆಗೂಡು ರೊಟ್ಟಿಗಿಂತ ದೊಡ್ಡದು, ಖರೆ. ಆದರೆ ಆ ಹೆಚ್ಚಿನ ಜಾಗ ನಿನ್ನ ಕೈ ನಡುಗಿದ್ದಕ್ಕೆ ಇರಲಿ, ದೂರ ಹೆಚ್ಚಿಸಲು ಅಲ್ಲ. ಎಷ್ಟೇ ಚೆನ್ನಾಗಿ ಹೊಡೆದರೂ ಈ ವರ್ಷ 250 ದಾಟಬೇಡ.

ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ ಇಡು. ಓಡುವುದಕ್ಕೆ, ಬೆನ್ನು ತೋರಿಸಿ ನಿಂತದ್ದಕ್ಕೆ ಬೇಡ. ಹೊಡೆದ ಮೇಲೆ ಅರ್ಧ ತಾಸು ಕುಳಿತಲ್ಲೇ ಕುಳಿತಿರು, ಆಮೇಲೆ ರಕ್ತದ ಜಾಡು ಹಿಡಿ. ಕತ್ತಲಾಯಿತು, ಚಳಿಯಾಯಿತು ಎಂದು ಬಿಟ್ಟು ಬರಬೇಡ.

ನೀನು ಹೈಸ್ಕೂಲಿನಲ್ಲಿದ್ದಾಗ ತೇಜಸ್ವಿ ಕನ್ನಡಕ್ಕೆ ತಂದ ಬೇಟೆಗಾರ ಕೆನೆತ್ ಆಂಡರ್ಸನ್‌ನನ್ನು ರಾತ್ರಿಯೆಲ್ಲ ಓದುತ್ತಿದ್ದೆ. ಅವನ .405 ವಿಂಚೆಸ್ಟರ್ 300 ಗ್ರೇನ್‌ನ ಭಾರದ ಗುಂಡು ಹಾರಿಸುತ್ತಿತ್ತು, ಹತ್ತಿರದ ಕೆಲಸದ ಬಂದೂಕು ಅದು. ತಪ್ಪಿ ಬಿದ್ದ ಗುಂಡು ಏನು ಮಾಡುತ್ತದೆ ನೋಡು: ಬೇಟೆಗಾರ ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದ ಚಂಪಾವತದ ಹುಲಿ 436 ಜನರನ್ನು ಕೊಂದಿತ್ತು. ಅದರ ಬಲಗಡೆಯ ಕೋರೆಹಲ್ಲುಗಳು ಹಿಂದೆ ಯಾರದೋ ಗುಂಡಿಗೆ ಮುರಿದಿದ್ದವು ಎಂದು ಆತ ಬರೆದಿದ್ದಾನೆ. ಆ ಗುಂಡು ಹೊಡೆದವನಿಗೆ ತಾನು ಮಾಡಿದ್ದು ಏನೆಂದು ಕೊನೆಗೂ ತಿಳಿದಿರಲಿಕ್ಕಿಲ್ಲ.

ನಿಮ್ಮವ್ವನಿಗೆ ನಾನು ಏನೂ ಹೇಳಿಲ್ಲ, ನೀನೇ ಹೇಳು. ಸೆಪ್ಟೆಂಬರ್ ಮುಗಿಯುವುದರೊಳಗೆ ತೂತುಬಿದ್ದ ಆ ಕಾಗದದ ಫೋಟೋ ಕಳಿಸು, ಎಷ್ಟು ಗಜದಿಂದ ಹೊಡೆದೆ ಎಂದು ಅದರ ಮೇಲೆ ಬರೆದಿರು. ನಾನು ಐದು ತೂತು ಎಣಿಸುವ ತನಕ ಪರವಾನಗಿ ಜೇಬಿನಲ್ಲೇ ಇರಲಿ.

ಇಂತಿ,
ನಿನ್ನ ಮಾವ