ಕೊನೇ ಪ್ಯಾರಾ ಬದಲಾಯಿಸು

“ಕಥೆ ಚೆನ್ನಾಗಿದೆ ಕಣೇ, ಕೊನೇ ಪ್ಯಾರಾ ಮಾತ್ರ ಬದಲಾಯಿಸು.”

ಹೋದ ಸಂಚಿಕೆಗೆ ಕಥೆ ಕಳಿಸಿದ್ದ ಜೂನಿಯರ್‌ಗೆ ನಾನು ಹೇಳಿದ ಮಾತಿದು. ಹಾಸ್ಟೆಲ್‌ನ ಇಬ್ಬರು ಹುಡುಗಿಯರ ಪ್ರೀತಿಯ ಕಥೆ. ಕೊನೆಗೆ ಇಬ್ಬರೂ ಮಳೇಲಿ ನೆನೆದುಕೊಂಡು ಮೆಸ್‌ಗೆ ಊಟಕ್ಕೆ ಹೋಗ್ತಾರೆ. ಅಷ್ಟೇ. “ಒಬ್ಬಳಿಗೆ ಮದುವೆ ಗೊತ್ತಾಗ್ಲಿ, ಅತ್ತು ಬೇರೆಯಾಗ್ಲಿ. ಆಗ ಯಾರೂ ತಕರಾರು ಮಾಡಲ್ಲ” ಅಂದೆ. “ಸರಿ ಅಕ್ಕ” ಅಂದಳು. ಮಾರನೇ ದಿನ ಕಥೆ ವಾಪಸ್ ತಗೊಂಡಳು.

ನಿಜಕ್ಕೂ ಯಾರೂ ತಕರಾರು ಮಾಡಿರಲಿಲ್ಲ. ಮಾಡಬಹುದು ಅಂತ ನಾನೇ ಅಂದುಕೊಂಡಿದ್ದೆ.

ರಜೆಯಲ್ಲಿ ಅಮೆರಿಕದ ಲೇಖಕಿ ಮ್ಯಾರಿಜೇನ್ ಮೀಕರ್ ಬಗ್ಗೆ ಓದಿದೆ. 1952ರಲ್ಲಿ ವಿನ್ ಪ್ಯಾಕರ್ ಅನ್ನೋ ಹೆಸರಿನಲ್ಲಿ ಅವರು ಬರೆದ ಕಾದಂಬರಿ ‘ಸ್ಪ್ರಿಂಗ್ ಫೈರ್’. ಅದೂ ಕಾಲೇಜಿನದೇ ಕಥೆ, ಒಂದೇ ರೂಮಿನ ಮಿಚ್ ಮತ್ತು ಲೀಡಾ ಅವರದ್ದು. ಸಂಪಾದಕರು ಮೊದಲೇ ಷರತ್ತು ಹಾಕಿದ್ದರು: ಸುಖಾಂತ್ಯ ಇರಕೂಡದು. ಕಾರಣ ಅಂಚೆ! ಅಶ್ಲೀಲವೆನಿಸಿದ್ದನ್ನು ಅಂಚೆಯಲ್ಲಿ ಕಳಿಸೋದು ಅಲ್ಲಿ ಅಪರಾಧವಾಗಿತ್ತು. ಇಂಥ ಪ್ರೀತಿಯನ್ನು ಮೆಚ್ಚಿದ ಹಾಗೆ ಕಂಡರೆ ಪುಸ್ತಕಗಳನ್ನೇ ಹಿಡಿದಿಡ್ತಾರೆ ಅನ್ನೋ ಭಯ. ಹಾಗಾಗಿ ಲೀಡಾ ಮಾನಸಿಕ ಆಸ್ಪತ್ರೆ ಸೇರ್ತಾಳೆ. ಮಿಚ್‌ಗೆ ತಾನು ಅವಳನ್ನು ಪ್ರೀತಿಸಿಯೇ ಇರಲಿಲ್ಲ ಅನ್ನಿಸುತ್ತೆ. 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. ಆದರೂ ಮೀಕರ್ ಅವರಿಗೆ ಆ ಪುಸ್ತಕದ ಬಗ್ಗೆ ಎಂಥ ಮುಜುಗರ ಅಂದ್ರೆ, ದಶಕಗಳ ಕಾಲ ಮರುಮುದ್ರಣಕ್ಕೆ ಒಪ್ಪಲಿಲ್ಲ. ಮತ್ತೆ ಬಂದಿದ್ದು 2004ರಲ್ಲಿ.

ಅದೇ 1952ರಲ್ಲಿ ಪೆಟ್ರೀಷಿಯಾ ಹೈಸ್ಮಿತ್ ‘ದಿ ಪ್ರೈಸ್ ಆಫ್ ಸಾಲ್ಟ್’ ಪ್ರಕಟಿಸಿದರು. ಅವರಿಗೂ ಸ್ವಂತ ಹೆಸರು ಹಾಕೋ ಧೈರ್ಯ ಬರಲಿಲ್ಲ, ಕ್ಲೇರ್ ಮಾರ್ಗನ್ ಅಂತ ಹಾಕಿಕೊಂಡರು. ಆದರೆ ಕಥೆಯ ಕೊನೆ ಮಾತ್ರ ಬೇರೆ ಥರ. ಅದರಲ್ಲಿ ಯಾರೂ ಸಾಯಲ್ಲ, ಯಾರಿಗೂ ಹುಚ್ಚು ಹಿಡಿಯಲ್ಲ. ಇಬ್ಬರು ಹೆಂಗಸರು ಮತ್ತೆ ಸೇರ್ತಾರೆ. ಅದಕ್ಕೇ ಥ್ಯಾಂಕ್ಸ್ ಹೇಳಿ ಓದುಗರು ರಾಶಿ ರಾಶಿ ಕಾಗದ ಬರೆದರು. ಬಂದಿದ್ದು ಅದೇ ಅಂಚೆಯಲ್ಲಿ!

ಮೀಕರ್ ಅವರ ಸಂಪಾದಕರಿಗೆ ಕಾನೂನಿನ ಭಯವಾದ್ರೂ ಇತ್ತು. ನಂಗೇನಿತ್ತು? ನಮ್ಮ ಸುಪ್ರೀಂ ಕೋರ್ಟ್ 2018ರಲ್ಲೇ ಇಂಥ ಪ್ರೀತಿ ಅಪರಾಧ ಅಲ್ಲ ಅಂದಿದೆ. ವಾಟ್ಸಾಪ್ ಗ್ರೂಪ್‌ನಲ್ಲಿ ನಾಲ್ಕು ಜನ ನಕ್ಕಾರು ಅನ್ನೋದಷ್ಟೇ ನನ್ನ ಭಯ. ಅಷ್ಟಕ್ಕೇ ಇನ್ನೊಬ್ಬಳ ಕಥೆಯ ಹುಡುಗಿಯರನ್ನ ಅಳಿಸೋಕೆ ಹೊರಟಿದ್ದೆ.

ಮೊನ್ನೆ ಅವಳ ರೂಮಿಗೆ ಹೋಗಿ, ತಪ್ಪಾಯ್ತು ಅಂದೆ. ಕಥೆ ಕೊಡ್ತೀಯಾ ಅಂತಲೂ ಕೇಳಿದೆ.

“ಯೋಚಿಸ್ತೀನಿ ಅಕ್ಕ” ಅಂದಿದ್ದಾಳೆ.

ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಓದ್ತೀರಿ. ಮಳೆ, ಮೆಸ್ ಸಮೇತ.