ಶನಿವಾರದ ಗಾಣಿಗರು

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ತಂದೆಯವರ ಅಡತಿ ಅಂಗಡಿಯಿತ್ತು. ಅದಕ್ಕೂ ಹಿಂದೆ ಕಮಲಾಪುರದಲ್ಲಿ ಅಜ್ಜನ ಎತ್ತಿನ ಗಾಣ. ಗಾಣ ನಿಂತು ಎಷ್ಟೋ ಕಾಲವಾದರೂ ಗಂಜಿನ ಹಳೆಯ ವ್ಯಾಪಾರಿಗಳಿಗೆ ನಾವು ಇಂದಿಗೂ ಗಾಣಿಗೇರವರೇ. ಹೀಗೆ ಕಸುಬು ಹೋಗಿ ಹೆಸರು ಉಳಿಯುವುದುಂಟು. ಕಸುಬು ಉಳಿದು ಹೆಸರುಗಳು ಹೋದ ಜನರೂ ಇದ್ದರೆಂದು ನಾನು ತಿಳಿದದ್ದು ಮುಂಬಯಿಯಲ್ಲಿ.

ಓದಲೆಂದು ಅಲ್ಲಿಗೆ ಹೋದಾಗ ನಾನಿದ್ದ ಚಾಳಿನಲ್ಲಿ ಬೆನೆ ಇಸ್ರೇಲ್ ಪಂಗಡದ ಒಬ್ಬ ವೃದ್ಧೆ ಇದ್ದರು. ಒಂಬತ್ತು ಗಜದ ಸೀರೆ, ಬಾಯಿ ತುಂಬ ಮರಾಠಿ. ನಾನು ಅವರನ್ನು ಆಜಿ ಎನ್ನುತ್ತಿದ್ದೆ. ನಮ್ಮ ಮನೆತನದ ಕಸುಬು ಕೇಳಿ ಅವರು ನಕ್ಕುಬಿಟ್ಟರು. “ಹಾಗಾದರೆ ನೀನು ನಮ್ಮವನೇ ಆದೆಯಲ್ಲೋ! ನಾವು ಶನಿವಾರ ತೇಲಿಗಳು.”

ಕೊಂಕಣದ ಹಳ್ಳಿಗಳಲ್ಲಿ ಈ ಯೆಹೂದಿಗಳು ಎಣ್ಣೆ ತೆಗೆದು ಬದುಕಿದವರು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ನೆರೆಯವರು ಇಟ್ಟ ಹೆಸರದು. ಹೀಬ್ರೂ ಭಾಷೆಯನ್ನು ಅವರು ಬಹುಮಟ್ಟಿಗೆ ಮರೆತಿದ್ದರು. ಹಬ್ಬಗಳನ್ನು ಮರೆಯಲಿಲ್ಲ, ಆದರೆ ಅವಕ್ಕೆ ಮರಾಠಿ ಹೆಸರುಗಳು. ಹೊಸ ವರ್ಷ ‘ನವ್ಯಾಚಾ ಸಣ’, ಪುರಿಮ್ ‘ಹೋಳೀಚಾ ಸಣ’.

ಒಂದು ಹಬ್ಬ ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ. ಅದು ಹನುಕ್ಕಾ, ಅದೇ ಎಣ್ಣೆಯ ಹಬ್ಬ! ಕ್ರಿ.ಪೂ. 164ರಲ್ಲಿ ಯೆಹೂದ ಮಕ್ಕಾಬಿಯ ಕಡೆಯವರು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು ಶುದ್ಧಗೊಳಿಸಿದಾಗ, ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂದು ಐತಿಹ್ಯ. ಅದಕ್ಕೆ ಮುಂಚೆಯೇ ತಮ್ಮ ಹಿರಿಯರು ಹಡಗೊಡೆದು ಕೊಂಕಣದ ದಡ ಸೇರಿದ್ದರೆಂದು ಇವರ ನಂಬಿಕೆ. ಕೊಚ್ಚಿಯ ಯೆಹೂದಿ ಗುರುಗಳಿಂದ, 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ ಪಾದ್ರಿ ಜಾನ್ ವಿಲ್ಸನ್‌ರಂಥವರಿಂದ, ಮರೆತ ಮಾತುಗಳು ಮರಳಿ ಬಂದವು.

ಆಜಿ ದೀಪ ಹಚ್ಚುತ್ತ ನನಗೂ ಕಲಿಸಿದರು. ‘ಶೆಮೆನ್’ ಎಂದರೆ ಎಣ್ಣೆ, ‘ನೇರ್’ ದೀಪ, ‘ನೇಸ್’ ಪವಾಡ; ‘ಹನುಕ್ಕಾ’ ಎಂದರೆ ದೇವರಿಗೆ ಮುಡಿಪಾಗಿಸುವುದು. ಮೊದಲ ರಾತ್ರಿ ಒಂದು ದೀಪ, ಎಂಟನೆಯ ರಾತ್ರಿ ಎಂಟು. ಅವನ್ನು ಹಚ್ಚಲು ಇನ್ನೊಂದು; ಅದು ‘ಶಮಾಶ್’, ಅಂದರೆ ಸೇವಕ.

ಗಂಜಿನ ಬುದ್ಧಿ ಎಲ್ಲಿ ಹೋದೀತು? ಕೂಡಿಸಿ ಹೇಳಿದೆ: “ಒಟ್ಟು 44 ದೀಪ.”

“36. ಸೇವಕನನ್ನು ಎಣಿಸಬಾರದು,” ಎಂದರು. ಆಮೇಲೆ ಕೇಳಿದರು: “ಗಾಣದ ಭಾಗಗಳಿಗೆ ನಿಮ್ಮ ಕನ್ನಡದಲ್ಲಿ ಏನೆನ್ನುತ್ತಾರೆ?”

ನಾನು ಬಾಯಿ ತೆರೆದೆ. ಗಾಣ, ಎತ್ತು, ಹಿಂಡಿ, ಇಷ್ಟೇ ಬಂದವು. ಸುತ್ತುವ ಮರಕ್ಕೆ, ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆಗೆ ಅಜ್ಜನ ಬಾಯಲ್ಲಿ ಒಂದೊಂದು ಹೆಸರಿತ್ತು. ಕೇಳೋಣವೆಂದರೆ ಅಜ್ಜ ಆಗಲೇ ಇಲ್ಲ. ತಂದೆಯವರಿಗೆ ತೊಗರಿಯ ಧಾರಣೆ ಗೊತ್ತು. ಗಾಣದ ಹೆಸರುಗಳು ಗೊತ್ತಿಲ್ಲ.

2024ರ ಡಿಸೆಂಬರ್ 30ರಂದು ಎಳ್ಳಮಾಸಿ. ಕಮಲಾಪುರದ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಂಡೆವು. ಅದೇ ವಾರ ಹನುಕ್ಕಾ. ಅವರ ತಿಂಗಳೂ ಚಂದ್ರನದೇ ಆದುದರಿಂದ ಎಷ್ಟೋ ವರ್ಷ ಎರಡೂ ಕೂಡಿ ಬರುತ್ತವೆ. ಆಜಿಯ ನೆನಪಾಗಿ ಮೊಮ್ಮಗಳಿಗೆ ಶೆಮೆನ್, ನೇರ್ ಎಂದು ಹೇಳಿಕೊಟ್ಟೆ. ಅವಳು ಚುರುಕು, ಆಜಿಯಂತೆಯೇ ಕೇಳಿದಳು: “ಮುತ್ಯಾ, ನಮ್ಮ ಗಾಣಕ್ಕ ಏನೇನ ಅಂತಿದ್ರು?”

ಅವರಿಗೆ ಮಾತು ಮರಳಿಸಲು ಕೊಚ್ಚಿಯಿತ್ತು. ನನ್ನ ಕೊಚ್ಚಿ ಎಲ್ಲಿದೆ? ಎತ್ತಿನ ಗಾಣ ಹೊಡೆದ ಮುದುಕರು ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ಇನ್ನೂ ಇದ್ದಾರು. ಸುಗ್ಗಿ ಮುಗಿದ ಮೇಲೆ ಮೊಮ್ಮಗಳ ಕೈಯಲ್ಲೊಂದು ನೋಟುಬುಕ್ಕು ಕೊಟ್ಟು, ಹುಡುಕಿಕೊಂಡು ಹೋಗಬೇಕೆಂದಿದ್ದೇನೆ.